‘ಹಳೆಯದೊಂದು ಮರ’ ಮತ್ತು ಇಂಗ್ಲಿಷಿನ ಉಪಪದ

ಜತ್ತ ತಾಲೂಕಿನ ಕುಣಿಕೋಣೂರದಂಥ ಗಡಿಗ್ರಾಮದ ಕನ್ನಡ ಮಗುವಿಗೆ ಕನ್ನಡ ಮನೆಮಾತು, ಮರಾಠಿ ರಾಜ್ಯಭಾಷೆ. ಮಹಾರಾಷ್ಟ್ರವು 2000ದಲ್ಲಿ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷನ್ನು ತಂದ ಮೇಲೆ ಮೂರನೆಯ ಭಾಷೆಯೂ ಆರಂಭದಲ್ಲೇ ಜೊತೆಗೂಡಿತು. ಇಂಥ ಮಗು ‘ಓಲ್ಡ್ ಎ ಟ್ರೀ’ ಎಂದು ಬರೆದರೆ ಅದನ್ನು ಹೊಡೆದುಹಾಕುವ ಮುನ್ನ ಅದರ ಮೂಲವನ್ನು ವಿಚಾರಿಸಬೇಕು.

ಕನ್ನಡದಲ್ಲಿ ಉಪಪದವಿಲ್ಲ; ಅನಿರ್ದಿಷ್ಟತೆಯನ್ನು ಹೇಳಬೇಕಾದಾಗ ‘ಒಂದು’ ಎಂಬ ಸಂಖ್ಯಾವಾಚಕವೇ ಆ ಕೆಲಸ ಮಾಡುತ್ತದೆ. ಅದಕ್ಕೆ ಎರಡು ಸ್ಥಾನಗಳುಂಟು: ‘ಒಂದು ಹಳೆಯ ಮರ’ ಮತ್ತು ‘ಹಳೆಯದೊಂದು ಮರ’. ಎರಡನೆಯದರಲ್ಲಿ ಗುಣವಾಚಕವು ‘ಹಳೆಯದು’ ಎಂಬ ನಾಮರೂಪ ತಾಳಿ, ಲೋಪಸಂಧಿಯಿಂದ ‘ಒಂದು’ ಎಂಬುದರೊಡನೆ ಬೆರೆಯುತ್ತದೆ. ಮಗು ಅನುಸರಿಸಿದ್ದು ಈ ಕ್ರಮವನ್ನೇ.

ಇಂಗ್ಲಿಷಿನ ‘ಎ’ ಕೂಡ ಹಿಂದೆ ‘ಒಂದು’ ಎಂಬರ್ಥದ ಪದವೇ ಆಗಿತ್ತು. ಆದರೆ ಇಂದು ಅದು ಸಾಮಾನ್ಯವಾಗಿ ಮೊದಲ ಸ್ಥಾನವನ್ನು ಬಿಡುವುದಿಲ್ಲ: ಉಪಪದ, ಗುಣವಾಚಕ, ನಾಮಪದ. ‘ಎ’ ಅಥವಾ ‘ಆ್ಯನ್’ ಎಂಬುದನ್ನು ನಿರ್ಧರಿಸುವುದು ನಾಮಪದವಲ್ಲ, ಉಪಪದದ ಮುಂದೆಯೇ ಬರುವ ಪದದ ಮೊದಲ ಧ್ವನಿ. ಆದ್ದರಿಂದ ‘ಎ ಟ್ರೀ’, ಆದರೆ ‘ಆ್ಯನ್ ಓಲ್ಡ್ ಟ್ರೀ’. ‘ಆ್ಯನ್ ಎಗ್’, ಆದರೆ ‘ಎ ಬಾಯಿಲ್ಡ್ ಎಗ್’. ಎಣಿಕೆಗೆ ಬರುವುದು ಧ್ವನಿ, ಅಕ್ಷರವಲ್ಲ. ಸ್ವರಾಕ್ಷರದಿಂದ ಆರಂಭವಾದರೂ ‘ಯೂನಿಫಾರ್ಮ್’ ಪದಕ್ಕೆ ‘ಎ’ ಸೇರುತ್ತದೆ.

ಈ ನಿಯಮಕ್ಕೆ ಅಪವಾದಗಳಿವೆ, ಅಲ್ಲಿ ಕನ್ನಡವೇ ನೆರವಿಗೆ ಬರುತ್ತದೆ. ‘ಸಚ್ ಎ ಟ್ರೀ’ ಎಂದರೆ ‘ಅಂಥದೊಂದು ಮರ’. ಉದ್ಗಾರದ ‘ವಾಟ್ ಎ ಟ್ರೀ’ ಎಂದರೆ ‘ಎಂಥದೊಂದು ಮರ’. ಇನ್ನು ‘ಸೋ’, ‘ಟೂ’, ‘ಆ್ಯಸ್’, ‘ಹೌ’ ಪದಗಳು ಗುಣವಾಚಕದ ಹಿಂದೆ ನಿಂತಾಗ ಗುಣವಾಚಕವೇ ಉಪಪದವನ್ನು ದಾಟಿ ಮುಂದೆ ಬರುತ್ತದೆ: ‘ಸೋ ಓಲ್ಡ್ ಎ ಟ್ರೀ’, ‘ಅಷ್ಟು ಹಳೆಯದೊಂದು ಮರ’. ಮಗುವಿನ ‘ತಪ್ಪು’ ಕ್ರಮ ಇಲ್ಲಿ ಸರಿಯಾದ ಇಂಗ್ಲಿಷು. ‘ಸಚ್’ ಬಂದಾಗ ಮಾತ್ರ ಉಪಪದವು ಗುಣವಾಚಕದ ಹಿಂದೆಯೇ ಉಳಿಯುತ್ತದೆ: ‘ಸಚ್ ಆ್ಯನ್ ಓಲ್ಡ್ ಟ್ರೀ’.

ಹೀಗೆ ನಮ್ಮಲ್ಲಿ ಸಹಜವಾದ ಕ್ರಮ ಅವರಲ್ಲಿ ಅಪವಾದವಾಗಿ ಉಳಿದಿದೆ. ಎರಡನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದರೆ ನಿಯಮವೂ ಅಪವಾದವೂ ಒಂದೇ ಪಾಠದಲ್ಲಿ ತಿಳಿಯುತ್ತವೆ. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುವ 350ಎ ವಿಧಿ 1956ರಲ್ಲಿ ಸಂವಿಧಾನಕ್ಕೆ ಸೇರಿತು. ಆ ಸೌಕರ್ಯವು ಕನ್ನಡ ಪಠ್ಯಪುಸ್ತಕಕ್ಕಷ್ಟೇ ಸೀಮಿತವಾಗಬಾರದು. ಕಾರಣ ಹೇಳದ ಕೆಂಪುಗೆರೆಯಿಂದ ಮಗು ತನ್ನ ಮನೆಮಾತೇ ದೋಷವೆಂದು ಕಲಿಯುತ್ತದೆ. ಕಾರಣ ತಿಳಿದರೆ ಅದೇ ಮನೆಮಾತಿನ ಆಧಾರದಿಂದ ಇನ್ನೊಂದು ಭಾಷೆಯನ್ನು ಅಳೆಯಬಲ್ಲದು.