ರೇಡಿಯೋ ಹೊತ್ತು ಯಾರ ಹೊತ್ತು?

ಕೋಲಾರ ಜಿಲ್ಲೆಯಲ್ಲಿ ಬೂದಿಕೋಟೆ ಎಂಬ ಊರಿದೆ. 2001ರಲ್ಲಿ ಅಲ್ಲಿ ‘ನಮ್ಮ ಧ್ವನಿ’ ಶುರುವಾಯಿತು. ಆಗ ಊರಿನವರು ರೇಡಿಯೋ ನಡೆಸಲು ಸರ್ಕಾರದ ಅನುಮತಿ ಇರಲಿಲ್ಲ. ಅದಕ್ಕೇ ಕೇಬಲ್ ತಂತಿ ಎಳೆದು ಮನೆಮನೆಗೆ ಮಾತು ಮುಟ್ಟಿಸಿದರು.

2006ರಲ್ಲಿ ನಿಯಮ ಬದಲಾಯಿತು. ಸೇವಾ ಸಂಸ್ಥೆಗಳೂ ಸಮುದಾಯ ರೇಡಿಯೋ ನಡೆಸಬಹುದು ಎಂದಾಯಿತು. ಅದರಲ್ಲಿ ಅರ್ಧದಷ್ಟಾದರೂ ಕಾರ್ಯಕ್ರಮ ಅಲ್ಲಿಯೇ ತಯಾರಾಗಬೇಕು.

ಕಾರ್ಯಕ್ರಮ ಊರಿನದಾದರೆ ಸಾಕೇ? ಹೊತ್ತೂ ಊರಿನದೇ ಆಗಬೇಕು. ಹಗಲು 11 ಗಂಟೆಗೆ ಬಾಣಂತಿಯರ ಆರೈಕೆ ಬಗ್ಗೆ ಹೇಳಿದರೆ ಕೇಳೋರು ಯಾರು? ಹೆಂಗಸರು ಹೊಲದಲ್ಲಿರುತ್ತಾರೆ. ಅದೇ ಮಾತು ರಾತ್ರಿ ಬಂದರೆ ಮನೆಮಂದಿಯೆಲ್ಲ ಕೇಳ್ತಾರೆ. ಸುಗ್ಗಿ ಬಂದರೆ ಊರಿನ ಹೊತ್ತೇ ಬೇರೆ. ಆಗ ರೇಡಿಯೋ ಹೊತ್ತೂ ಬದಲಾಗಬೇಕು.

ಬದಲಾಯಿಸುವ ಮೊದಲು ರೇಡಿಯೋದಲ್ಲಿ ಮತ್ತೆ ಮತ್ತೆ ಹೇಳಬೇಕು. ಪಂಚಾಯಿತಿ, ಹಾಲಿನ ಡೈರಿ ಗೋಡೆಗೆ ಪಟ್ಟಿ ಅಂಟಿಸಬೇಕು. ಇಲ್ಲದಿದ್ದರೆ ಜನ ಕೇಳೋದನ್ನೇ ಬಿಡ್ತಾರೆ.

ನಿಮಗೆ ಬೇಕಾದ ಕಾರ್ಯಕ್ರಮ ನಿಮ್ಮ ಹೊತ್ತಿಗೆ ಬರ್ತಿಲ್ಲವೇ? ಸುಮ್ಮನಿರಬೇಡಿ. ಒಂದು ಕಾರ್ಡು ಬರೆಯಿರಿ. ಯಾವ ಕಾರ್ಯಕ್ರಮ? ಯಾವ ಹೊತ್ತಿಗೆ ಬೇಕು? ಯಾಕೆ ಬೇಕು? ಈ ಮೂರು ಮಾತು ಸಾಕು. ಕೆಳಗೆ ನಿಮ್ಮ ಹೆಸರು ಬರೆಯಿರಿ. ನಾಲ್ಕು ಜನ ಸೇರಿ ಬರೆದರೆ ಇನ್ನೂ ಒಳ್ಳೆಯದು.