ಮುಚ್ಚಳದ ಮೇಲೊಂದು ಹೆಸರು, ಬೋರ್ಡಿನ ಮೇಲೆ ಇನ್ನೊಂದು

ಬೆಂಗಳೂರಿನ ಎಸ್‌.ಪಿ. ರಸ್ತೆಯ ರಿಪೇರಿ ಅಂಗಡಿಗಳಲ್ಲಿ ಲ್ಯಾಪ್‌ಟಾಪ್ ಒಮ್ಮೆ ಬಿಚ್ಚಿಕೊಂಡಿತೆಂದರೆ ಮುಚ್ಚಳದ ಮೇಲಿನ ಲೋಗೋ ಯಾರಿಗೂ ಬೇಕಿಲ್ಲ. ರಿಪೇರಿಯವರ ಕಣ್ಣು ಮದರ್‌ಬೋರ್ಡ್ ಮೇಲೆ ಸಣ್ಣಗೆ ಅಚ್ಚಾದ ನಂಬರಿನತ್ತ ಹೋಗುತ್ತದೆ. ‘ಎಲ್‌ಎ’ ಎಂದು ಶುರುವಾದರೆ ಅದು ಕಾಂಪಾಲ್ ಬೋರ್ಡು, ‘ಡಿಎ’ ಎಂದಿದ್ದರೆ ಕ್ವಾಂಟಾದ್ದು. ಲ್ಯಾಪ್‌ಟಾಪ್ ಡೆಲ್ ಇರಲಿ, ಎಚ್‌ಪಿ ಇರಲಿ, ಸರ್ಕ್ಯೂಟ್ ನಕ್ಷೆ ಹುಡುಕುವುದು ಆ ನಂಬರಿನಿಂದಲೇ.

ಕಾಂಪಾಲ್ ಶುರುವಾದದ್ದು 1984ರಲ್ಲಿ, ಕ್ವಾಂಟಾ 1988ರಲ್ಲಿ. ಎರಡೂ ಬೇರೆಯವರ ಹೆಸರಿಗೆ ಲ್ಯಾಪ್‌ಟಾಪ್ ಮಾಡಿಕೊಡುವ ತೈವಾನಿನ ಕಂಪನಿಗಳು. ವಿಸ್ಟ್ರಾನ್, ಇನ್ವೆಂಟೆಕ್, ಪೆಗಾಟ್ರಾನ್ ಸೇರಿಸಿಕೊಂಡರೆ, ನಾವು ಅಂಗಡಿಯಲ್ಲಿ ನೋಡುವ ಹೆಸರುಗಳಲ್ಲಿ ಬಹುಪಾಲು ಈ ಐದರ ಗಿರಾಕಿಗಳೇ. ಆಪಲ್‌ನ ಮ್ಯಾಕ್‌ಬುಕ್‌ಗಳನ್ನು ಜೋಡಿಸಿದ್ದೂ ಕ್ವಾಂಟಾ. ಈ ತಯಾರಕರ ದೊಡ್ಡ ಕಾರ್ಖಾನೆಗಳಿರುವುದು ಚೀನಾದ ಚಾಂಗ್‌ಚಿಂಗ್, ಕುನ್‌ಶಾನ್‌ನಂಥ ಊರುಗಳಲ್ಲಿ. ವಿಸ್ಟ್ರಾನ್ ಮೊದಲು ಏಸರ್‌ನ ಕಾರ್ಖಾನೆ ವಿಭಾಗವಾಗಿತ್ತು, ಪೆಗಾಟ್ರಾನ್ ಏಸುಸ್‌ನದು. ಎದುರಾಳಿಯ ಕಾರ್ಖಾನೆಗೆ ತನ್ನ ಮುಂದಿನ ವರ್ಷದ ಮಾಡೆಲ್ ಒಪ್ಪಿಸಲು ಯಾರಿಗೆ ಧೈರ್ಯ? ಹಾಗಾಗಿ ಎರಡೂ ಕಡೆ ಮನೆ ಪಾಲಾಯಿತು: ಬ್ರ್ಯಾಂಡ್ ಬೇರೆ, ಕಾರ್ಖಾನೆ ಬೇರೆ. (ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಇದೇ. 2023ರಲ್ಲಿ ಆ ಘಟಕವನ್ನು ಟಾಟಾದವರು ಕೊಳ್ಳಲು ಒಪ್ಪಂದ ಮಾಡಿಕೊಂಡರು.)

‘ಎಲ್ಲಾ ಒಂದೇ ಕಡೆ ಮಾಡ್ತಾರೆ, ಹೆಸರಿಗೆ ದುಡ್ಡು’ ಎನ್ನುವವರಿದ್ದಾರೆ. ಅರ್ಧ ನಿಜ. ಟೈಲರ್ ಒಬ್ಬನೇ ಆದರೂ ಬಟ್ಟೆ, ಅಳತೆ ಕೊಟ್ಟವರು ಬೇರೆ ಬೇರೆ. ಆಪಲ್ ತನ್ನ ಯಂತ್ರವನ್ನು ತಾನೇ ಇಂಚಿಂಚೂ ವಿನ್ಯಾಸ ಮಾಡಿ, ಜೋಡಿಸುವ ಕೆಲಸವನ್ನಷ್ಟೇ ಹೊರಗೆ ಕೊಡುತ್ತದೆ. ಲೆನೊವೊದ ಥಿಂಕ್‌ಪ್ಯಾಡ್‌ನ ಹಿಂದೆ ಜಪಾನಿನ ಯಮಾಟೊ ಪ್ರಯೋಗಾಲಯವಿದೆ. ಲೆನೊವೊಗೆ ಸ್ವಂತ ಕಾರ್ಖಾನೆಗಳೂ ಇವೆ. ಅಗ್ಗದ ಮಾಡೆಲ್‌ಗಳಿಗೆ ಬಂದಾಗ ಮಾತ್ರ ಬೋರ್ಡಿನ ವಿನ್ಯಾಸದ ಭಾರವೆಲ್ಲ ಹೆಚ್ಚಾಗಿ ತಯಾರಕರ ಹೆಗಲಿಗೆ ಬೀಳುತ್ತದೆ. ಬ್ರ್ಯಾಂಡಿನವರು ಹೇಳುವುದು ಬೆಲೆ ಎಷ್ಟರೊಳಗಿರಬೇಕು ಎನ್ನುವುದನ್ನು. ಆ ಬೆಲೆಗಾಗಿ ಕೊನೆಗೆ ತೆಳುವಾಗುವುದು ಹಿಂಜ್ ಕೂತ ಜಾಗದ ಪ್ಲಾಸ್ಟಿಕ್ಕು, ಬಿಸಿ ಹೊರಹಾಕುವ ತಾಮ್ರದ ಕೊಳವೆ, ಕೀಬೋರ್ಡಿನ ಕೆಳಗಿನ ತಗಡು. ಪ್ರೊಸೆಸರ್, ರ‍್ಯಾಮ್ ಎಷ್ಟೆಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಹಿಂಜು, ಕೊಳವೆ, ತಗಡಿನ ಸುದ್ದಿ ಅಲ್ಲಿರುವುದಿಲ್ಲ.

ನಿಜಕ್ಕೂ ಒಂದೇ ಯಂತ್ರಕ್ಕೆ ಹಲವು ಹೆಸರು ನೋಡಬೇಕೆಂದರೆ ಕ್ಲೆವೊ ಕಡೆ ತಿರುಗಬೇಕು. ತೈವಾನಿನ ಈ ಕಂಪನಿ ಮೈಕಟ್ಟು, ಬೋರ್ಡು, ಪರದೆ ಸಮೇತ ಸಿದ್ಧ ಯಂತ್ರ ಕೊಡುತ್ತದೆ. ಅದಕ್ಕೆ ರ‍್ಯಾಮ್, ಡಿಸ್ಕ್ ಹಾಕಿ ಅಮೆರಿಕದಲ್ಲಿ ಸೇಗರ್, ಜರ್ಮನಿಯಲ್ಲಿ ಶೆಂಕರ್ ತಮ್ಮ ಹೆಸರಲ್ಲಿ ಮಾರಿದ್ದಾರೆ. ಇದನ್ನು ಯಾರೂ ಗುಟ್ಟಾಗಿಟ್ಟಿಲ್ಲ. ದೊಡ್ಡ ಬ್ರ್ಯಾಂಡ್‌ಗಳಿಗಿಂತ ಇದೇ ಹೆಚ್ಚು ಪ್ರಾಮಾಣಿಕ ವ್ಯಾಪಾರ ಎನಿಸುತ್ತದೆ ನನಗೆ.

ಬಿಡಿಭಾಗಗಳಲ್ಲಂತೂ ಹಂಚಿಕೆ ಇನ್ನೂ ಆಳ. ಪರದೆ ಬಿಒಇಯದೋ ಎಲ್‌ಜಿಯದೋ, ರ‍್ಯಾಮ್ ಸ್ಯಾಮ್‌ಸಂಗ್ ಇಲ್ಲವೇ ಹೈನಿಕ್ಸ್. 2006ರಲ್ಲಿ ಸೋನಿ ಮಾಡಿದ ಬ್ಯಾಟರಿ ಸೆಲ್‌ಗಳೊಳಗೆ ಲೋಹದ ಕಣ ಸೇರಿಕೊಂಡು ಶಾರ್ಟ್ ಆಗಿ ಬೆಂಕಿ ಹೊತ್ತುವ ಅಪಾಯ ಕಂಡಿತು. ಡೆಲ್ 41 ಲಕ್ಷ ಬ್ಯಾಟರಿ ವಾಪಸ್ ಕರೆಯಿತು, ಆಪಲ್ ಸುಮಾರು 18 ಲಕ್ಷ. ಲೆನೊವೊ, ತೋಷಿಬಾ, ಫುಜಿತ್ಸು ಕೂಡ ಸಾಲಿಗೆ ಸೇರಿದವು. ಪರಸ್ಪರ ಪೈಪೋಟಿಗೆ ಬಿದ್ದಿದ್ದವರೆಲ್ಲ ಒಂದೇ ಸೆಲ್ಲಿಗೆ ಸಿಕ್ಕಿಬಿದ್ದಿದ್ದರು.

ಹಾಗಾದರೆ ಕೊಳ್ಳುವವರು ಬ್ರ್ಯಾಂಡ್ ನೋಡುವುದು ಏತಕ್ಕೆ? ವಾರಂಟಿ ಅವರ ಹೆಸರಲ್ಲಿರುವುದಕ್ಕೆ. ನಿಮ್ಮ ಜಿಲ್ಲಾ ಕೇಂದ್ರದಲ್ಲಿ ಅವರ ಸರ್ವಿಸ್ ಸೆಂಟರ್ ಇದೆಯೇ, ಮೂರು ವರ್ಷದ ಮೇಲೂ ಹಿಂಜು, ಬ್ಯಾಟರಿ ಸಿಗುತ್ತವೆಯೇ ಎಂದು ವಿಚಾರಿಸಿ. ಅದಕ್ಕೆ ಉತ್ತರ ಕೊಡಬೇಕಾದವರು ಲೋಗೋ ಹಾಕಿದವರೇ. ತೈವಾನಿನ ತಯಾರಕರು ನಿಮ್ಮ ಫೋನ್ ಎತ್ತುವುದಿಲ್ಲ.