ಎಂಜಿನಿಯರಿಂಗ್ ಪದವಿ ಪ್ರವೇಶ: ಹೊರನಾಡ ಕನ್ನಡಿಗ ವಿದ್ಯಾರ್ಥಿಗಳು ಅರಿತಿರಬೇಕಾದ ಸಂಗತಿಗಳು

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿ ಪಡೆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಎಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಪುಣೆಗೆ ತೆರಳಿದರು. ಅಲ್ಲಿ ಪದವಿ ಪಡೆದು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯ ಸೇವೆಗೆ ಸೇರಿದರು. ಅಂದು ಕನ್ನಡ ನಾಡಿನ ತರುಣರು ಈ ವಿದ್ಯೆಯನ್ನರಸಿ ಹೊರಗೆ ಹೋಗಬೇಕಾಗಿತ್ತು. ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಇದೇ ವಿದ್ಯೆಗಾಗಿ ಕರ್ನಾಟಕದ ಕಡೆಗೆ ನೋಡುತ್ತಾರೆ. ಆದರೆ ಪ್ರವೇಶದ ನಿಯಮಗಳು ಮನೆಯಲ್ಲಿ ಆಡುವ ಭಾಷೆಯನ್ನಾಗಲಿ, ಪೂರ್ವಿಕರ ಊರನ್ನಾಗಲಿ ಮೊದಲು ಕೇಳುವುದಿಲ್ಲ. ವಿದ್ಯಾರ್ಥಿಯು ಎಲ್ಲಿ ಓದಿದ್ದಾನೆ ಎಂಬುದನ್ನು ಕೇಳುತ್ತವೆ. ಇದನ್ನು ಸಕಾಲದಲ್ಲಿ ಅರಿಯದ ಕಾರಣ ಒಳ್ಳೆಯ ಅಂಕ ಗಳಿಸಿದವರೂ ತಮಗೆ ದೊರೆಯಬಹುದಾಗಿದ್ದ ಸ್ಥಾನವನ್ನು ಕಳೆದುಕೊಳ್ಳುವುದುಂಟು.

ಎಂಜಿನಿಯರಿಂಗ್ ಪದವಿಗೆ ಪ್ರವೇಶ ದೊರೆಯುವ ಮಾರ್ಗಗಳು ಸ್ಥೂಲವಾಗಿ ಮೂರು. ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ ಅಖಿಲ ಭಾರತ ಮಟ್ಟದ ಪರೀಕ್ಷೆ ಮೊದಲನೆಯದು. ಆಯಾ ರಾಜ್ಯ ಸರ್ಕಾರ ತನ್ನ ವ್ಯಾಪ್ತಿಯ ಕಾಲೇಜುಗಳಿಗಾಗಿ ನಡೆಸುವ ಪ್ರಕ್ರಿಯೆ ಎರಡನೆಯದು. ಖಾಸಗಿ ಕಾಲೇಜುಗಳ ಒಕ್ಕೂಟಗಳು ಹಾಗೂ ಪರಿಗಣಿತ ವಿಶ್ವವಿದ್ಯಾಲಯಗಳು ನಡೆಸುವ ಪರೀಕ್ಷೆಗಳು ಮೂರನೆಯವು. ಒಂದೇ ವರ್ಷದಲ್ಲಿ ಮೂರರಲ್ಲಿಯೂ ಭಾಗವಹಿಸಲು ಅಡ್ಡಿಯಿಲ್ಲ. ಭಾಗವಹಿಸುವುದೇ ಲೇಸು.

ಅಖಿಲ ಭಾರತ ಪರೀಕ್ಷೆ

ಜಂಟಿ ಪ್ರವೇಶ ಪರೀಕ್ಷೆಯ ಮೊದಲ ಹಂತವಾದ ಜೆ.ಇ.ಇ. ಮೇನ್ ಅನ್ನು 2019ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು ನಡೆಸುತ್ತಿದೆ. ಸಾಮಾನ್ಯವಾಗಿ ಜನವರಿಯಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ನಡೆಯುವ ಈ ಪರೀಕ್ಷೆಯನ್ನು ಅಭ್ಯರ್ಥಿಯು ಎರಡು ಬಾರಿಯೂ ಬರೆಯಬಹುದು. ಎರಡರಲ್ಲಿ ಉತ್ತಮವಾದ ಫಲಿತಾಂಶವನ್ನು ಶ್ರೇಣಿ ನಿರ್ಣಯಕ್ಕೆ ಪರಿಗಣಿಸಲಾಗುತ್ತದೆ. ಬಿ.ಇ. ಮತ್ತು ಬಿ.ಟೆಕ್. ಪದವಿಗಳಿಗಾಗಿ ಇರುವ ಪತ್ರಿಕೆಯಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಪ್ರಶ್ನೆಗಳಿರುತ್ತವೆ. 2025ರ ಪರೀಕ್ಷೆಯಲ್ಲಿ 75 ಪ್ರಶ್ನೆಗಳಿಗೆ ಮೂರು ಗಂಟೆಗಳ ಅವಧಿಯಿದ್ದು, ಒಟ್ಟು ಅಂಕಗಳು 300. ಸರಿಯುತ್ತರಕ್ಕೆ ನಾಲ್ಕು ಅಂಕ. ತಪ್ಪಿದರೆ ಒಂದು ಅಂಕದ ಕಡಿತ. ಬೇರೆ ಬೇರೆ ಪಾಳಿಗಳಲ್ಲಿ ಬೇರೆ ಬೇರೆ ಪ್ರಶ್ನೆಪತ್ರಿಕೆಗಳಿರುವುದರಿಂದ ಫಲಿತಾಂಶವನ್ನು ನೇರ ಅಂಕಗಳಲ್ಲಿ ಹೋಲಿಸದೆ ಪರ್ಸೆಂಟೈಲ್ ರೂಪದಲ್ಲಿ ಪ್ರಕಟಿಸುತ್ತಾರೆ. 98 ಪರ್ಸೆಂಟೈಲ್ ಎಂದರೆ ನೂರಕ್ಕೆ 98 ಅಂಕವೆಂದು ತಿಳಿದು ಹಿಗ್ಗುವ ತಂದೆತಾಯಿಗಳನ್ನು ಕಾಣುತ್ತೇವೆ. ಅದರ ಅರ್ಥ ಆ ಪಾಳಿಯಲ್ಲಿ ಪರೀಕ್ಷೆ ಬರೆದವರ ಪೈಕಿ ನೂರಕ್ಕೆ 98 ಮಂದಿ ಅವನಿಗೆ ಸಮನಾಗಿ ಅಥವಾ ಅವನಿಗಿಂತ ಕಡಮೆ ಅಂಕ ಗಳಿಸಿದ್ದಾರೆ ಎಂದಷ್ಟೆ.

ಪ್ರಶ್ನೆಪತ್ರಿಕೆಯು ಕನ್ನಡವೂ ಸೇರಿದಂತೆ ಹದಿಮೂರು ಭಾಷೆಗಳಲ್ಲಿ ಲಭ್ಯವಿದೆ. ಇಲ್ಲೊಂದು ಮಾತನ್ನು ಹೊರನಾಡ ವಿದ್ಯಾರ್ಥಿಗಳು ಚೆನ್ನಾಗಿ ನೆನಪಿನಲ್ಲಿಡಬೇಕು. ಇಂಗ್ಲಿಷ್ ಪತ್ರಿಕೆಯು ಎಲ್ಲ ಕೇಂದ್ರಗಳಲ್ಲಿಯೂ, ಹಿಂದಿ ಪತ್ರಿಕೆಯು ಭಾರತದ ಎಲ್ಲ ಕೇಂದ್ರಗಳಲ್ಲಿಯೂ ದೊರೆಯುತ್ತದೆ. ಕನ್ನಡ ಪತ್ರಿಕೆಯು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಆದುದರಿಂದ ಮುಂಬಯಿಯ ಅಥವಾ ಸೊಲ್ಲಾಪುರದ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಕನ್ನಡದಲ್ಲಿಯೇ ಬರೆಯಲು ಬಯಸಿದರೆ ಕರ್ನಾಟಕದ ಕೇಂದ್ರವನ್ನೇ ಆರಿಸಿಕೊಳ್ಳಬೇಕಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಆಯ್ಕೆಗೆ ದೊರೆಯುವ ನಗರಗಳು ಅರ್ಜಿಯಲ್ಲಿ ನಮೂದಿಸಿದ ಕಾಯಂ ಹಾಗೂ ಈಗಿನ ವಿಳಾಸಗಳನ್ನು ಅವಲಂಬಿಸಿರುವುದರಿಂದ ವಿಳಾಸವನ್ನು ಬರೆಯುವಾಗಲೇ ಇದನ್ನು ಯೋಚಿಸಿರಬೇಕು. ಒಮ್ಮೆ ಆರಿಸಿದ ಭಾಷೆಯನ್ನು ಬಳಿಕ ಬದಲಿಸಲು ಅವಕಾಶವಿಲ್ಲ. ಅನುವಾದದಲ್ಲಿ ಸಂದೇಹ ಬಂದಾಗ ಇಂಗ್ಲಿಷ್ ಪಾಠವೇ ಅಂತಿಮ. ಅನುವಾದವನ್ನೇ ವೃತ್ತಿಯಾಗಿಸಿಕೊಂಡ ಈ ಲೇಖಕನಿಗೆ ಆ ನಿಯಮ ಅಷ್ಟೇನೂ ಹಿತವೆನಿಸದಿದ್ದರೂ, ವಿದ್ಯಾರ್ಥಿಯು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಅರಿತಿರುವುದು ಕ್ಷೇಮಕರ.

ಐ.ಐ.ಟಿ.ಗಳೆಂದು ಪ್ರಸಿದ್ಧವಾದ 23 ಭಾರತೀಯ ತಂತ್ರಜ್ಞಾನ ಸಂಸ್ಥೆಗಳಿಗೆ ಪ್ರವೇಶ ಬಯಸುವವರು ಜೆ.ಇ.ಇ. ಅಡ್ವಾನ್ಸ್‌ಡ್ ಎಂಬ ಎರಡನೆಯ ಹಂತವನ್ನೂ ದಾಟಬೇಕು. ಮೇನ್ ಪರೀಕ್ಷೆಯಲ್ಲಿ ಎಲ್ಲ ವರ್ಗಗಳೂ ಸೇರಿ ಮೊದಲ ಸುಮಾರು ಎರಡೂವರೆ ಲಕ್ಷ ಸ್ಥಾನಗಳಲ್ಲಿ ಬಂದವರಿಗೆ ಇದರ ಅರ್ಹತೆ. ಈ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಗಳಲ್ಲಿ ಮಾತ್ರ ಇರುತ್ತದೆ. ಅಲ್ಲದೆ ಹನ್ನೆರಡನೆಯ ತರಗತಿಯಲ್ಲಿ ಶೇಕಡ 75 ಅಂಕಗಳು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇಕಡ 65, ಇಲ್ಲವೆ ತಮ್ಮ ಮಂಡಲಿಯಲ್ಲಿ ಮೇಲಿನ ಶೇಕಡ 20ರಷ್ಟು ಮಂದಿಯಲ್ಲಿ ಸ್ಥಾನ ದೊರೆತಿರಬೇಕು. ಪ್ರವೇಶ ಪರೀಕ್ಷೆಯ ಭರದಲ್ಲಿ ಮಂಡಲಿಯ ಪರೀಕ್ಷೆಯನ್ನು ಅಲಕ್ಷಿಸಿದವರು ಇಲ್ಲಿ ಎಡವುತ್ತಾರೆ.

'ಸ್ವಂತ ರಾಜ್ಯ' ಎಂದರೆ ಯಾವುದು?

ಧಾರವಾಡದಿಂದ ಬಂದು ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿ ನೆಲೆಸಿರುವ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ಮಗಳು ಪುಣೆಯಲ್ಲಿಯೇ ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ. ಪಡಿತರ ಚೀಟಿ, ಹೊಲ, ಮನೆದೇವರು ಎಲ್ಲವೂ ಧಾರವಾಡದ ಕಡೆಗೇ. ಹೀಗಾಗಿ ತಂದೆಯು ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ 'ನಮ್ಮ ರಾಜ್ಯದ' ಸ್ಥಾನ ದೊರೆಯುವುದೆಂದು ನಂಬಿರುತ್ತಾರೆ. ನಿಯಮ ಹಾಗಿಲ್ಲ. ದೇಶದ 31 ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳು ಸಂಸ್ಥೆಯಿರುವ ರಾಜ್ಯದವರಿಗೂ ಉಳಿದರ್ಧ ಇತರ ರಾಜ್ಯಗಳವರಿಗೂ ಮೀಸಲು. ಇಲ್ಲಿ ಅಭ್ಯರ್ಥಿಯ ರಾಜ್ಯವೆಂದರೆ ಹನ್ನೆರಡನೆಯ ತರಗತಿ ಅಥವಾ ತತ್ಸಮಾನ ಪರೀಕ್ಷೆಯನ್ನು ಮೊದಲ ಬಾರಿಗೆ ಉತ್ತೀರ್ಣನಾದ ರಾಜ್ಯವೇ ಹೊರತು ಹುಟ್ಟಿದೂರಲ್ಲ, ತಂದೆಯ ಊರಲ್ಲ, ಮಾತೃಭಾಷೆಯ ನಾಡೂ ಅಲ್ಲ.

ಮೇಲಿನ ವಿದ್ಯಾರ್ಥಿನಿಯ ಪಾಲಿಗೆ 'ಸ್ವಂತ ರಾಜ್ಯದ' ಸಂಸ್ಥೆ ನಾಗಪುರದಲ್ಲಿದೆ. ಅದು ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತಿರುವುದು ಒಂದು ಸಮಾಧಾನ. ಚೆನ್ನೈಯಲ್ಲಿ ಓದಿದವರಿಗೆ ತಿರುಚಿರಾಪಳ್ಳಿ, ಹೈದರಾಬಾದಿನಲ್ಲಿ ಓದಿದವರಿಗೆ ವಾರಂಗಲ್, ದೆಹಲಿಯಲ್ಲಿ ಓದಿದವರಿಗೆ ದೆಹಲಿಯ ಸಂಸ್ಥೆ ಸ್ವಂತ ರಾಜ್ಯದ್ದು. ಸುರತ್ಕಲ್ಲಿಗೆ ಇವರೆಲ್ಲರೂ ಅರ್ಜಿ ಸಲ್ಲಿಸಬಹುದು, ಆದರೆ ಇತರ ರಾಜ್ಯಗಳವರ ಸಾಲಿನಲ್ಲಿ. ಎರಡು ಸಾಲುಗಳ ಕೊನೆಯ ಶ್ರೇಣಿಗಳಲ್ಲಿ ಬಹಳ ಅಂತರವಿರುವುದುಂಟು; ಹಿಂದಿನ ವರ್ಷಗಳ ಅಂಕಿಅಂಶಗಳು ಪ್ರಕಟವಾಗಿರುವುದರಿಂದ ಅವುಗಳನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಐ.ಐ.ಟಿ.ಗಳಲ್ಲಿ ಇಂಥ ರಾಜ್ಯವಾರು ವಿಂಗಡಣೆ ಇಲ್ಲ.

ಕರ್ನಾಟಕ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯ ವಿಷಯ ಬೇರೆ. ಇದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿಂದ ತಲಾ 60 ಪ್ರಶ್ನೆಗಳಿದ್ದು ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಂಜಿನಿಯರಿಂಗ್ ಶ್ರೇಣಿಯನ್ನು ಈ ಪರೀಕ್ಷೆಯ ಅಂಕಗಳಿಗೂ ದ್ವಿತೀಯ ಪಿ.ಯು.ಸಿ. ಅಥವಾ ಹನ್ನೆರಡನೆಯ ತರಗತಿಯ ಅಂಕಗಳಿಗೂ ಸಮಾನ ಮಹತ್ತ್ವ ಕೊಟ್ಟು ನಿರ್ಧರಿಸುತ್ತಾರೆ. ಸರ್ಕಾರಿ ಕೋಟಾದ ಸ್ಥಾನಕ್ಕೆ ಮುಖ್ಯ ನಿಯಮವು ರಾಜ್ಯದೊಳಗೆ ಕನಿಷ್ಠ ಏಳು ವರ್ಷಗಳ ವ್ಯಾಸಂಗವನ್ನು ಅಪೇಕ್ಷಿಸುತ್ತದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯ ಹೊರನಾಡ ಮತ್ತು ಗಡಿನಾಡ ಕನ್ನಡಿಗರಿಗೂ, ರಕ್ಷಣಾ ಪಡೆಗಳ ಹಾಗೂ ಕೇಂದ್ರ ಸರ್ಕಾರದ ನೌಕರರ ಮಕ್ಕಳಿಗೂ ಪ್ರತ್ಯೇಕ ಉಪನಿಯಮಗಳಿವೆ. ಕಾಸರಗೋಡು, ಸೊಲ್ಲಾಪುರಗಳಂಥ ಪ್ರದೇಶಗಳಲ್ಲಿ ಓದಿದವರು ಗಡಿನಾಡ ಉಪನಿಯಮವನ್ನು ನೋಡಬೇಕು. ಹೊರನಾಡ ಮತ್ತು ಗಡಿನಾಡ ಅಭ್ಯರ್ಥಿಗಳು ಪ್ರಾಧಿಕಾರವು ನಡೆಸುವ ಕನ್ನಡ ಭಾಷಾ ಪರೀಕ್ಷೆಗೂ ಹಾಜರಾಗಬೇಕು. ಆದರೆ ಮಾತೃಭಾಷೆಯೊಂದೇ ಸಾಲದು. ಯಾವ ತರಗತಿಗಳನ್ನು ಎಲ್ಲಿ, ಎಷ್ಟು ವರ್ಷ ಓದಲಾಯಿತೆಂಬ ದಾಖಲೆ ಪ್ರತಿ ಉಪನಿಯಮದಲ್ಲಿಯೂ ಮುಖ್ಯ. ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಯೇ ಯಾವ ಉಪನಿಯಮ ತಮಗೆ ಅನ್ವಯಿಸುತ್ತದೆಂದು ನಿಶ್ಚಯಿಸತಕ್ಕದ್ದು. ಯಾವುದೂ ಅನ್ವಯಿಸದಿದ್ದರೆ ಕರ್ನಾಟಕದ ಖಾಸಗಿ ಕಾಲೇಜುಗಳಿಗಾಗಿ ನಡೆಯುವ ಕಾಮೆಡ್-ಕೆ ಪರೀಕ್ಷೆಯು ದೇಶದ ಎಲ್ಲ ಭಾಗದವರಿಗೂ ತೆರೆದಿದೆ. ಅಲ್ಲಿ ಶುಲ್ಕ ಮಾತ್ರ ಸರ್ಕಾರಿ ಕೋಟಾಕ್ಕಿಂತ ಹೆಚ್ಚು.

ನೆಲೆಸಿದ ರಾಜ್ಯದ ಅವಕಾಶಗಳನ್ನು ಕಡೆಗಣಿಸಿ ತವರಿನ ಕಡೆಗೇ ಕಣ್ಣಿಟ್ಟು ಕೂರುವುದು ಜಾಣತನವಲ್ಲ. ಮಹಾರಾಷ್ಟ್ರದಲ್ಲಿ ಎಂ.ಎಚ್.ಟಿ.-ಸಿ.ಇ.ಟಿ. ಪರೀಕ್ಷೆಯಿದೆ; ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳೆರಡನ್ನೂ ಆ ರಾಜ್ಯದಲ್ಲಿಯೇ ಮುಗಿಸಿ, ಅಲ್ಲಿಯ ವಾಸ ಪ್ರಮಾಣಪತ್ರ ಹೊಂದಿದವರಿಗೆ ಅಥವಾ ಅಲ್ಲಿ ಜನಿಸಿದವರಿಗೆ ರಾಜ್ಯದ ಅಭ್ಯರ್ಥಿಯ ಸ್ಥಾನಮಾನವಿರುತ್ತದೆ. ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಪಡೆದ ಕಾಲೇಜುಗಳು ಒಂದು ಭಾಗದ ಸ್ಥಾನಗಳನ್ನು ರಾಜ್ಯದೊಳಗಿನ ಆ ಭಾಷಿಕರಿಗೆ ಕಾಯ್ದಿರಿಸುತ್ತವೆ. ಆದುದರಿಂದ ಶಾಲೆಯ ದಾಖಲೆಯಲ್ಲಿ ಮಾತೃಭಾಷೆ 'ಕನ್ನಡ' ಎಂದೇ ಬರೆದಿದೆಯೇ ಎಂಬುದನ್ನು ಈಗಲೇ ನೋಡಿಕೊಳ್ಳಿ. ತಮಿಳುನಾಡಿನಲ್ಲಿ 2007ರಿಂದ ಪ್ರವೇಶ ಪರೀಕ್ಷೆಯೇ ಇಲ್ಲ. ಹನ್ನೆರಡನೆಯ ತರಗತಿಯ ಗಣಿತವನ್ನು ನೂರಕ್ಕೂ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ತಲಾ ಐವತ್ತಕ್ಕೂ ಇಳಿಸಿ ಒಟ್ಟು 200 ಅಂಕಗಳ ಮೇಲೆ ಶ್ರೇಣಿ ಕೊಡುತ್ತಾರೆ. ಎಂಟರಿಂದ ಹನ್ನೆರಡರವರೆಗೆ ಅಲ್ಲಿಯೇ ಓದಿದ ಹೊರರಾಜ್ಯ ಮೂಲದವರು ಸಾಮಾನ್ಯ ವರ್ಗದಲ್ಲಿ ಭಾಗವಹಿಸಬಹುದು. ತೆಲಂಗಾಣದಲ್ಲಿ ವ್ಯಾಸಂಗದ ವರ್ಷಗಳನ್ನು ನೋಡಿ ಸ್ಥಳೀಯನೇ ಅಲ್ಲವೇ ಎಂದು ನಿರ್ಧರಿಸುತ್ತಾರೆ. ದೆಹಲಿ ಸರ್ಕಾರದ ತಾಂತ್ರಿಕ ವಿಶ್ವವಿದ್ಯಾಲಯಗಳು ಜೆ.ಇ.ಇ. ಮೇನ್ ಶ್ರೇಣಿಯನ್ನೇ ಬಳಸಿ, ಶೇಕಡ 85ರಷ್ಟು ಸ್ಥಾನಗಳನ್ನು ದೆಹಲಿಯಲ್ಲಿ ಹನ್ನೆರಡನೆಯ ತರಗತಿ ಓದಿದವರಿಗೆ ಕೊಡುತ್ತವೆ.

ಮೀಸಲಾತಿ ಮತ್ತು ದಾಖಲೆಗಳು

ಕೇಂದ್ರದ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿಗೆ ಶೇಕಡ 15, ಪರಿಶಿಷ್ಟ ಪಂಗಡಕ್ಕೆ 7.5, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗಗಳಿಗೆ 27, ಆರ್ಥಿಕವಾಗಿ ದುರ್ಬಲರಾದವರಿಗೆ 10ರಷ್ಟು ಸ್ಥಾನಗಳು ಮೀಸಲಾಗಿವೆ. ಕರ್ನಾಟಕದಲ್ಲಿ ರೂಢಿಯಲ್ಲಿರುವ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ವಿಂಗಡಣೆಗೆ ಇಲ್ಲಿ ಬೆಲೆಯಿಲ್ಲ. ಕೇಂದ್ರದ ಪಟ್ಟಿಯಲ್ಲಿ ಜಾತಿಯ ಹೆಸರಿರಬೇಕು, ಪ್ರಮಾಣಪತ್ರವು ಕೇಂದ್ರದ ನಮೂನೆಯಲ್ಲಿರಬೇಕು. ಹಿಂದುಳಿದ ವರ್ಗದ ಮತ್ತು ಆರ್ಥಿಕ ದುರ್ಬಲ ವರ್ಗದ ಪ್ರಮಾಣಪತ್ರಗಳು ಪ್ರವೇಶದ ವರ್ಷದ ಏಪ್ರಿಲ್ 1ರಂದು ಅಥವಾ ಅನಂತರ ನೀಡಿದವಾಗಿರಬೇಕು. ಕಳೆದ ವರ್ಷದ್ದನ್ನು ಜೋಪಾನವಾಗಿ ತಂದು ತೋರಿಸಿದರೂ ನಡೆಯುವುದಿಲ್ಲ.

ವಲಸೆ ಬಂದ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಈ ಪಟ್ಟಿಗಳು ರಾಜ್ಯವಾರು ಇವೆ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಕುಟುಂಬವು ಮಹಾರಾಷ್ಟ್ರಕ್ಕೆ ವಲಸೆ ಹೋದರೆ, ಅದೇ ಹೆಸರಿನ ಜಾತಿ ಅಲ್ಲಿಯ ಪಟ್ಟಿಯಲ್ಲಿದ್ದರೂ, ಮಹಾರಾಷ್ಟ್ರ ಸರ್ಕಾರದ ಮೀಸಲಾತಿಗೆ ಅರ್ಹತೆ ಬರುವುದಿಲ್ಲ. ಮುಂಬಯಿಯ ವೈದ್ಯಕೀಯ ಕಾಲೇಜೊಂದರ ಪ್ರವೇಶಕ್ಕೆ ಸಂಬಂಧಿಸಿ 1990ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಈ ತತ್ತ್ವವನ್ನು ಎತ್ತಿಹಿಡಿದಿದೆ. ಆದರೆ ಕೇಂದ್ರದ ಸಂಸ್ಥೆಗಳಲ್ಲಿ ಮೂಲ ರಾಜ್ಯದ ಆಧಾರದ ಮೇಲೆ ಪಡೆದ ಪ್ರಮಾಣಪತ್ರ ನಡೆಯುತ್ತದೆ. ಇದಕ್ಕಾಗಿ ತಂದೆಯ ಮೂಲ ಪ್ರಮಾಣಪತ್ರ ಬೇಕಾಗುವುದರಿಂದ ಊರಿನ ತಾಲ್ಲೂಕು ಕಚೇರಿಯ ಕೆಲಸವನ್ನು ಬೇಸಗೆಯ ರಜೆಗೆ ಉಳಿಸಿಕೊಳ್ಳದೆ ಹಿಂದಿನ ದಸರೆಯಲ್ಲಿಯೇ ಮುಗಿಸಿಕೊಳ್ಳುವುದು ಒಳಿತು.

ಹೆಸರಿನ ವಿಷಯವೂ ಅಲ್ಪವೆಂದು ಭಾವಿಸಬಾರದು. ನಮ್ಮವರು ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಹೆಸರಿನ ಮುಂದೆ ಬರೆಯುತ್ತಾರೆ. ಮಹಾರಾಷ್ಟ್ರದ ಶಾಲೆಯಲ್ಲಿ ಅದೇ ಹುಡುಗನ ಹೆಸರು ತಂದೆಯ ಹೆಸರು ಮತ್ತು ಅಡ್ಡಹೆಸರಿನೊಂದಿಗೆ ವಿಸ್ತಾರವಾಗುತ್ತದೆ. ಆಧಾರ್ ಚೀಟಿಯಲ್ಲಿ ಒಂದು, ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇನ್ನೊಂದು, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು ರೂಪವಿದ್ದರೆ ಪರಿಶೀಲನೆಯ ವೇಳೆ ಆಕ್ಷೇಪಣೆ ಏಳುತ್ತದೆ. ಹತ್ತನೆಯ ತರಗತಿಯ ಪ್ರಮಾಣಪತ್ರದಲ್ಲಿರುವ ರೂಪವನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ತಿದ್ದಿಸಿಕೊಳ್ಳಬೇಕು.

ಸ್ಥಾನ ಹಂಚಿಕೆ

ಐ.ಐ.ಟಿ., ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ ಮೊದಲಾದವುಗಳ ಸ್ಥಾನಗಳನ್ನು 2015ರಿಂದ ಜೋಸಾ ಎಂಬ ಜಂಟಿ ಪ್ರಾಧಿಕಾರವು ಒಟ್ಟಾಗಿ ಹಂಚುತ್ತಿದೆ. ಅಭ್ಯರ್ಥಿಯು ತಾನು ಬಯಸುವ ಸಂಸ್ಥೆ ಮತ್ತು ಶಾಖೆಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡಬೇಕು. 'ಎಟುಕದ ಸಂಸ್ಥೆಯನ್ನು ಮೊದಲು ಬರೆದರೆ ಎಟುಕುವುದೂ ಕೈತಪ್ಪೀತು' ಎಂಬ ಭಯದಿಂದ ಹಲವರು ಕ್ರಮವನ್ನು ಕೆಡಿಸಿಕೊಳ್ಳುತ್ತಾರೆ. ಈ ಭಯಕ್ಕೆ ಆಧಾರವಿಲ್ಲ. ಗಣಕಯಂತ್ರವು ಶ್ರೇಣಿಯ ಪ್ರಕಾರ ಪ್ರತಿಯೊಬ್ಬನ ಪಟ್ಟಿಯನ್ನು ಮೇಲಿನಿಂದ ಕೆಳಗೆ ಪರಿಶೀಲಿಸುತ್ತದೆ. ಮೊದಲನೆಯದು ದೊರೆಯದಿದ್ದರೆ ಎರಡನೆಯದಕ್ಕೆ ಅವನ ಹಕ್ಕು ಮೊದಲಿನಷ್ಟೇ ಉಳಿದಿರುತ್ತದೆ. ಅಪಾಯವಿರುವುದು ಬೇರೆಡೆ: ಇಷ್ಟವಿಲ್ಲದ ಶಾಖೆಯನ್ನು ಮೇಲೆ ಬರೆದರೆ ಅದೇ ದೊರೆತು, ಅದರ ಕೆಳಗಿನ ಇಷ್ಟದ ಶಾಖೆಯ ಕಡೆಗೆ ಪರಿಶೀಲನೆ ಹೋಗುವುದೇ ಇಲ್ಲ.

ಸ್ಥಾನ ದೊರೆತ ಮೇಲೆ ಅದನ್ನೇ ಸ್ಥಿರಪಡಿಸುವ 'ಫ್ರೀಜ್', ಪಟ್ಟಿಯಲ್ಲಿ ಮೇಲಿರುವ ಯಾವುದೇ ಸಂಸ್ಥೆಗೆ ಕಾಯುವ 'ಫ್ಲೋಟ್', ಅದೇ ಸಂಸ್ಥೆಯೊಳಗೆ ಮೇಲಿನ ಶಾಖೆಗೆ ಕಾಯುವ 'ಸ್ಲೈಡ್' ಎಂಬ ಮೂರು ಆಯ್ಕೆಗಳಿವೆ. ಕಾಯುವವನಿಗೆ ಮೇಲಿನದು ದೊರೆತೊಡನೆ ಹಿಂದಿನ ಸ್ಥಾನ ತಾನಾಗಿಯೇ ಹೋಗುತ್ತದೆ. ನಿಗದಿತ ಗಡುವಿನೊಳಗೆ ಸ್ವೀಕೃತಿ ಶುಲ್ಕ ಕಟ್ಟದಿದ್ದರೆ, ದಾಖಲೆಗಳ ಬಗೆಗೆ ಕೇಳಿದ ಪ್ರಶ್ನೆಗೆ ಉತ್ತರಿಸದಿದ್ದರೆ ಸ್ಥಾನ ರದ್ದಾಗುತ್ತದೆ. ಹಾಗಾಗಿ ಹಂಚಿಕೆಯ ದಿನಗಳಲ್ಲಿ ಮದುವೆ ಮುಂಜಿಗಳಿಗೆಂದು ಊರಿಗೆ ಹೋದರೂ ಅಂತರ್ಜಾಲ ಸಂಪರ್ಕ ಮತ್ತು ಮೂಲ ದಾಖಲೆಗಳ ಪ್ರತಿಗಳು ಜೊತೆಯಲ್ಲಿರಲಿ.

ಶುಲ್ಕದ ಚಿಂತೆಯಿಂದ ಅರ್ಜಿಯನ್ನೇ ಸಲ್ಲಿಸದಿರುವುದು ಸರಿಯಲ್ಲ. ಐ.ಐ.ಟಿ.ಗಳಲ್ಲಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೂ, ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿಗಿಂತ ಕಡಮೆ ಇರುವವರಿಗೂ ಬೋಧನಾ ಶುಲ್ಕ ಪೂರ್ಣ ಮನ್ನಾ. ಒಂದರಿಂದ ಐದು ಲಕ್ಷದವರೆಗಿನವರಿಗೆ ಮೂರನೆಯ ಎರಡು ಭಾಗ ಮನ್ನಾ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಮಾನ್ಯತೆ ಪಡೆದ ಕಾಲೇಜುಗಳಲ್ಲಿ ಎಂಟು ಲಕ್ಷಕ್ಕಿಂತ ಕಡಮೆ ಆದಾಯದ ಕುಟುಂಬಗಳವರಿಗೆ ಶೇಕಡ 5ರಷ್ಟು ಹೆಚ್ಚುವರಿ ಸ್ಥಾನಗಳು ಬೋಧನಾ ಶುಲ್ಕವಿಲ್ಲದೆ ದೊರೆಯುತ್ತವೆ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರ್‌ನಲ್ಲಿ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಡಿ, ಗುರುತಿಸಿದ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರು ಒತ್ತೆಯಾಗಲಿ ಜಾಮೀನಾಗಲಿ ಇಲ್ಲದೆ ಬ್ಯಾಂಕ್ ಸಾಲ ಪಡೆಯಬಹುದು.

ಖಾಸಗಿ ಕಾಲೇಜಿಗೆ ಹಣ ಕಟ್ಟುವ ಮುನ್ನ ಮೇಲ್ಕಂಡ ಪರಿಷತ್ತಿನ ಅನುಮೋದನೆಯು ಆ ವರ್ಷಕ್ಕೆ, ಆ ಶಾಖೆಗೆ ಇದೆಯೇ ಎಂದು ನೋಡಬೇಕು. ಬಳಿಕ ಬೇರೆಡೆ ಸ್ಥಾನ ದೊರೆತು, ಪರಿಷತ್ತು ಗೊತ್ತುಪಡಿಸಿದ ದಿನಾಂಕದೊಳಗೆ ಪ್ರವೇಶವನ್ನು ಹಿಂತೆಗೆದುಕೊಂಡರೆ, ಕಾಲೇಜು ಗರಿಷ್ಠ ಒಂದು ಸಾವಿರ ರೂಪಾಯಿಯನ್ನಷ್ಟೇ ಮುರಿದುಕೊಂಡು ಉಳಿದುದನ್ನು ಹಿಂದಿರುಗಿಸತಕ್ಕದ್ದು. ಅಂಕಪಟ್ಟಿ, ವರ್ಗಾವಣೆ ಪತ್ರಗಳ ಮೂಲಪ್ರತಿಗಳನ್ನು ತಡೆಹಿಡಿಯಲು ಕಾಲೇಜಿಗೆ ಅಧಿಕಾರವಿಲ್ಲ. ಹಿಂತೆಗೆತದ ಅರ್ಜಿಯನ್ನು ಲಿಖಿತವಾಗಿ ಕೊಟ್ಟು, ದಿನಾಂಕ ಸಹಿತ ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ಅವಶ್ಯ.